ಪಂಪ್‌ವೆಲ್‌ನಲ್ಲಿ ಹಿಡಿದೆಳೆದ ರಟ್ಟೆ

ಎದೆಗೆ ಬಾಡಿ ಕ್ಯಾಮೆರಾ ಸಿಕ್ಕಿಸಿಕೊಂಡೇ ಡ್ಯೂಟಿ ಮಾಡಬೇಕು ಎಂದು ಆದೇಶ ಬಂದಾಗ ನಮ್ಮ ಟ್ರಾಫಿಕ್ ಠಾಣೆಯಲ್ಲಿ ನನ್ನಷ್ಟು ಗೊಣಗಿದವರು ಇರಲಿಕ್ಕಿಲ್ಲ. ಕಳ್ಳರನ್ನು ಬಿಟ್ಟು ನಮ್ಮನ್ನೇ ಕಾಯಲು ಹೊರಟಿದ್ದಾರೆ ಅಂತ ನನ್ನ ಸಿಟ್ಟು. ಬೆವರು ಒರೆಸಿಕೊಂಡರೂ ರೆಕಾರ್ಡು, ಬಸ್ ಡ್ರೈವರಿಗೆ ಬೈದರೂ ರೆಕಾರ್ಡು.

ಆ ದಿನ ಪಂಪ್‌ವೆಲ್ ಫ್ಲೈಓವರಿನ ಕೆಳಗೆ ನನ್ನ ಪಾಯಿಂಟು. ಬೆಳಗಿನ ರಶ್ಶು. ಒಂದು ಸಿಟಿ ಬಸ್ಸು ಜನ ಇಳಿಸುತ್ತಾ ನಿಂತಿತ್ತು. ಕೈಯಲ್ಲಿ ಬಿಳಿ ಕೋಟು ಹಿಡಿದ ಹುಡುಗಿಯೊಬ್ಬಳು ಇಳಿದು, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ಬಸ್ಸಿನ ಮುಂದಿನಿಂದ ರಸ್ತೆ ದಾಟಲು ಹೊರಟಳು. ಹಿಂದಿನಿಂದ ಇನ್ನೊಂದು ಬಸ್ಸು ಓವರ್‌ಟೇಕ್ ಮಾಡಿಕೊಂಡು ನುಗ್ಗಿ ಬರುತ್ತಿತ್ತು. ನಿಂತ ಬಸ್ಸಿನ ಮರೆಯಲ್ಲಿ ಅವಳಿಗೆ ಅದು ಕಾಣುವಂತಿರಲಿಲ್ಲ. ಕೂಗಿದೆ. ಅವಳಿಗೆ ಕೇಳಲಿಲ್ಲ. ಓಡಿಹೋಗಿ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಬಿದ್ದೆವು. ಅವಳ ಮೊಣಕೈ ತರಚಿತು, ಫೋನು ಒಡೆಯಿತು.

"ನಾನು ನಿಮಗೆ ಎಂತ ಮಾಡಿದ್ದೇನೆ?" ಎಂದು ಅಳುತ್ತಾ ಎದ್ದವಳು, ನಾನು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಆಟೊ ಹತ್ತಿ ಹೋಗಿಬಿಟ್ಟಳು.

ಮಧ್ಯಾಹ್ನಕ್ಕೆ ಆ ದೃಶ್ಯ ಎಲ್ಲರ ಮೊಬೈಲಿನಲ್ಲಿತ್ತು. ಎದುರು ಕಟ್ಟಡದ ಮಹಡಿಯಿಂದ ಯಾರೋ ತೆಗೆದದ್ದು. ನಾನು ಎಳೆಯುತ್ತೇನೆ, ಹುಡುಗಿ ಬೀಳುತ್ತಾಳೆ, ಅಷ್ಟೇ. ಬಸ್ಸು ಬರುವ ಮೊದಲೇ ಕತ್ತರಿಸಿದ್ದರು. ಧ್ವನಿ ತೆಗೆದು ಅದರ ಮೇಲೊಂದು ಹಾಡು ಬೇರೆ. "ಪೊಲೀಸಮ್ಮನ ದರ್ಪ" ಅಂತ ತಲೆಬರಹ. ತೊಕ್ಕೊಟ್ಟಿನ ನಮ್ಮ ಮನೆಗೆ ದುಬೈಯಲ್ಲಿರುವ ನೆಂಟರಿಂದಲೂ ಫೋನು ಬಂತು. "ನನ್ನ ಸೊಸೆ ಸುಮ್ಮನೆ ಯಾರ ಮೈಯನ್ನೂ ಮುಟ್ಟುವವಳಲ್ಲ" ಎಂದು ಅತ್ತೆ ಎಲ್ಲರಿಗೂ ಉತ್ತರ ಕೊಟ್ಟರು. ನನಗೆ ಮಾತ್ರ ಊಟ ಸೇರಲಿಲ್ಲ.

ಮರುದಿನ ಇನ್‌ಸ್ಪೆಕ್ಟರ್ ಸಾಹೇಬರು ಕರೆದರು. ಅವರೆದುರು ಆ ಹುಡುಗಿ, ಪಕ್ಕದಲ್ಲಿ ಅವಳ ತಾಯಿ. ಅತ್ತಾವರದಲ್ಲಿ ನರ್ಸಿಂಗ್ ಓದುವ ಹುಡುಗಿ. ತಾಯಿ ಶಾಲೆಯ ಟೀಚರು. ದೂರು ಕೊಡಲು ಬಂದಿದ್ದರು.

"ಮಗಳ ಮೇಲೆ ನಾನೇ ಇದುವರೆಗೆ ಕೈ ಮಾಡಿದವಳಲ್ಲ," ಎಂದರು ಟೀಚರು, ನನ್ನ ಮುಖ ನೋಡದೆ.

"ಒಂದು ನಿಮಿಷ ಕೂತ್ಕೊಳ್ಳಿ, ಟೀಚರ್," ಎಂದು ಸಾಹೇಬರು ಕಂಪ್ಯೂಟರ್ ಪರದೆಯನ್ನು ಅವರತ್ತ ತಿರುಗಿಸಿದರು. ನನ್ನ ಕ್ಯಾಮೆರಾದ ರೆಕಾರ್ಡಿಂಗು. ನಾನೂ ಅದನ್ನು ನೋಡಿರಲಿಲ್ಲ. ಸರಿಯಾಗಿ ಬಂದಿರದಿದ್ದರೆ?

ಮೊದಲು ಬಂದದ್ದು ಸದ್ದು. ಕಂಡಕ್ಟರನ ಸೀಟಿ, ಬಿಡದೆ ಒತ್ತಿದ ಹಾರ್ನು, ಅದರ ಮೇಲೆ ನನ್ನದೇ ಒಡೆದ ದನಿ: "ಪಿರ ಬಲ! ಬಸ್ ಬರ್ಪುಂಡು!" ಹಿಂದೆ ಬಾ, ಬಸ್ಸು ಬರ್ತಿದೆ ಎಂದು ಗಾಬರಿಯಲ್ಲಿ ಬಾಯಿಗೆ ಬಂದದ್ದು ತುಳುವೇ. ಪರದೆ ಕುಲುಕಿತು, ಬಿಳಿ ಕೋಟು ಹಾರಿತು. ಮರುಕ್ಷಣ ಬಸ್ಸಿನ ಚಕ್ರ ಆ ಕೋಟಿನ ಮೇಲೆ ಹಾದುಹೋಯಿತು.

ಟೀಚರು ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

"ಇನ್ನೊಮ್ಮೆ ಹಾಕಿ, ಸರ್," ಎಂದಳು ಹುಡುಗಿ. ಎರಡನೆಯ ಸಲ ನೋಡಿ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. "ನನಗೆ ಗೊತ್ತೇ ಇರಲಿಲ್ಲ, ಮೇಡಂ. ಕಂಪ್ಲೇಂಟ್ ಬೇಡ. ಇದನ್ನು ಎಲ್ಲರೂ ನೋಡ್ಬೇಕು. ನನ್ನ ಮುಖ ಕಂಡರೂ ಅಡ್ಡಿ ಇಲ್ಲ." ತಾಯಿ ನನ್ನ ಎರಡೂ ಕೈ ಹಿಡಿದು ಕೊಂಕಣಿಯಲ್ಲಿ ಏನೋ ಹೇಳುತ್ತಲೇ ಇದ್ದರು. ಪೂರ್ತಿ ತಿಳಿಯದಿದ್ದರೂ ನನಗೆ ಅಳು ಬಂತು.

ಸಂಜೆಗೆ ಇಲಾಖೆಯೇ ಪೂರ್ತಿ ವಿಡಿಯೊ ಹಾಕಿತು. ಹುಡುಗಿಯೂ ಮಾತಾಡಿ ಒಂದನ್ನು ಹಾಕಿದಳು: "ಆ ಬಿದ್ದ ಹುಡುಗಿ ನಾನೇ. ಇವತ್ತು ನಿಮ್ಮ ಹತ್ತಿರ ಮಾತಾಡ್ಲಿಕ್ಕೆ ನಾನು ಇದ್ದೇನಲ್ಲ, ಅದು ಇವರಿಂದ." ಬಸ್ಸಿನ ನಂಬರು ಸ್ಪಷ್ಟವಾಗಿ ಕಂಡಿದ್ದರಿಂದ ಡ್ರೈವರನೂ ಸಿಕ್ಕಿಬಿದ್ದ. ತೊಕ್ಕೊಟ್ಟು ಮಾರ್ಕೆಟಿನಲ್ಲಿ ಮೀನು ಮಾರುವ ಹೆಂಗಸು ನನ್ನನ್ನು ಕಂಡದ್ದೇ ಎದ್ದು ನಿಂತು, "ನಮ್ಮ ಪೊಲೀಸ್ ಇವಳು!" ಎಂದು ಇಡೀ ಸಾಲಿಗೆ ಕೇಳುವಂತೆ ಕೂಗಿದಳು.

ಮರುದಿನ ಮತ್ತೆ ಪಂಪ್‌ವೆಲ್. ಬಸ್ಸಿನ ಕಿಟಕಿಗಳಿಂದ ನರ್ಸಿಂಗ್ ಹುಡುಗಿಯರು "ಮೇಡಂ! ಮೇಡಂ!" ಎಂದು ಕೈಬೀಸಿದರು. ಕಂಡಕ್ಟರನೊಬ್ಬ ಸೀಟಿ ಊದಿ ಸೆಲ್ಯೂಟ್ ಹೊಡೆದ. ನಾನು ರಸ್ತೆಯ ನಡುವೆ ನಿಂತು ಕೈ ಎತ್ತಿದೆ. ಒಂದಕ್ಕೊಂದು ಪೈಪೋಟಿಯಿಂದ ಓಡುವ ಬಸ್ಸುಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತವು. ಅಷ್ಟೂ ಬಸ್ಸುಗಳು ನನ್ನ ಒಂದು ಕೈಗೆ ನಿಂತದ್ದು ಕಂಡು ನಗು ತಡೆಯಲಾಗಲಿಲ್ಲ.