ಪಕ್ಕದ ಡೇರೆಗೆ ಏನು ಬೇಕು?

ಬೆಳಗಿನ ನಮಾಜು ಮುಗಿದು ಈಗಷ್ಟೇ ಬೆಳಕು ಹರಿಯುತ್ತಿದೆ. ಮಾರಿಬ್ ಪಟ್ಟಣದ ಆಚೆ, ಯುದ್ಧಕ್ಕೆ ಊರು ಬಿಟ್ಟು ಬಂದವರ ಸಿದ್ರ ಶಿಬಿರದ ನಾಲ್ಕನೆಯ ಸಾಲಿನಲ್ಲಿ ತಖಿಯ್ಯಾ ನಿಧಾನವಾಗಿ ನಡೆಯುತ್ತಿದ್ದಾರೆ. ಕೈಯಲ್ಲಿ ಪುಸ್ತಕವಿಲ್ಲ, ಪೆನ್ನಿಲ್ಲ. ಯಾರನ್ನೂ ಮಾತನಾಡಿಸುವುದಿಲ್ಲ. ಕಣ್ಣು ಮಾತ್ರ ಕೆಲಸದಲ್ಲಿದೆ. ಒಂದು ಡೇರೆಯ ಮುಂದೆ ಹೊಗೆ ಕಪ್ಪಗಿದೆ; ಸೌದೆ ಮುಗಿದು ಪ್ಲಾಸ್ಟಿಕ್ ಉರಿಸುತ್ತಿದ್ದಾರೆ. ಇನ್ನೊಂದರ ಹಗ್ಗದ ಮೇಲೆ ನಿನ್ನೆ ಸಂಜೆ ಒಗೆದ ಅಂಗಿ ಒದ್ದೆಯಾಗಿಯೇ ಇದೆ. ಅಂಗಿಯ ಒಡತಿ, ಏಳೆಂಟು ವರ್ಷದ ಹುಡುಗಿ, ಗೋಣಿಚೀಲ ಹೊದ್ದು ಬಾಗಿಲಲ್ಲಿ ಕೂತಿದ್ದಾಳೆ. ಇರುವುದು ಅದೊಂದೇ ಅಂಗಿ. ಮತ್ತೊಂದು ಕಡೆ ಐದು ಜೊತೆ ಚಪ್ಪಲಿ ಇರಬೇಕಾದಲ್ಲಿ ಎರಡೇ ಜೊತೆ.

"ಈ ಹೊತ್ತಲ್ಲಿ ಯಾರಿಗೂ ಮುಚ್ಚಿಡೋಕೆ ಪುರುಸೊತ್ತು ಇರಲ್ಲ," ಎನ್ನುತ್ತಾರೆ ತಖಿಯ್ಯಾ. "ಎಂಟು ಗಂಟೆ ಆದ್ಮೇಲೆ ಬಂದು ನೋಡಿ, ಎಲ್ಲರೂ ಸಾಹುಕಾರರೇ."

ತಖಿಯ್ಯಾಗೆ ಈಗ ನಲವತ್ತಾರು. ಕೊರಳಿನಲ್ಲಿ ನೇತಾಡುವ ಚೀಟಿಯಲ್ಲಿ 'ಸಮುದಾಯ ಸಹಾಯಕಿ' ಎಂದು ಬರೆದಿದೆ. ಆ ಹೆಸರಿನಿಂದ ಅವರನ್ನು ಯಾರೂ ಕರೆಯುವುದಿಲ್ಲ. ಶಿಬಿರದಲ್ಲಿ ಅವರು 'ಪಕ್ಕದ ಡೇರೆಯವಳು'. ಪರಿಹಾರ ಸಂಸ್ಥೆಯವರು ಯಾರಿಗೆ ಏನು ಕೊಡಬೇಕೆಂದು ತೀರ್ಮಾನಿಸುವ ಮೊದಲು, ಯಾರಿಗೆ ಏನು ಇಲ್ಲ ಎಂಬುದನ್ನು ಯಾರಾದರೂ ತಿಳಿದು ಬರಬೇಕು. ಹದಿನೈದು ಸಾಲು, ಇನ್ನೂರ ಹತ್ತು ಡೇರೆ, ಸಾವಿರದ ನಾನೂರು ಜನ. ದಿನಕ್ಕೆ ಇಪ್ಪತ್ತು ಡೇರೆಯಂತೆ ತಖಿಯ್ಯಾ ಇಡೀ ಶಿಬಿರವನ್ನು ಹನ್ನೊಂದು ದಿನಕ್ಕೊಮ್ಮೆ ಸುತ್ತಿ ಮುಗಿಸುತ್ತಾರೆ. ಮತ್ತೆ ಮೊದಲನೆಯ ಸಾಲಿನಿಂದ ಶುರು. ಸಂಬಳವೆಂದರೆ ದಿನಗೂಲಿ. ಶುಕ್ರವಾರ ರಜೆ, ಕೂಲಿಯೂ ಇಲ್ಲ.

ಕೇಳಿ ಬರೆದುಕೊಂಡರೆ ಮುಗಿಯಿತಲ್ಲ, ಇದೇನು ದೊಡ್ಡ ಕೆಲಸ ಎನಿಸಬಹುದು. ಕಷ್ಟವಿರುವುದೇ ಕೇಳುವುದರಲ್ಲಿ. ಇಲ್ಲಿನವರು ಬಂದ ಅತಿಥಿಯ ಮುಂದೆ ಕೈಚಾಚುವವರಲ್ಲ. ಬಾಗಿಲಿಗೆ ಬಂದವರು ಯಾರೇ ಇರಲಿ, ಮೊದಲು ಕೂರಿಸಿ ಚಹಾ ಕೊಡಬೇಕು. ಅವರು "ಏನಾದರೂ ಬೇಕಿತ್ತಾ?" ಎಂದರೆ "ಅಲ್ಹಮ್ದುಲಿಲ್ಲಾ, ಏನೂ ಕಡಿಮೆ ಇಲ್ಲ" ಎನ್ನಬೇಕು. ಮನೆ ಹೋಗಿದೆ, ಹೊಲ ಹೋಗಿದೆ, ಕೆಲವರಿಗೆ ಮಕ್ಕಳೂ ಹೋಗಿದ್ದಾರೆ. ಈ ಒಂದು ಮಾತನ್ನು ಮಾತ್ರ ಪ್ರತಿ ಸಲ ಓಡುವಾಗಲೂ ಜೊತೆಗೇ ಹೊತ್ತು ತಂದಿದ್ದಾರೆ.

ಅದಕ್ಕೇ ತಖಿಯ್ಯಾ "ನಿಮಗೆ ಏನು ಬೇಕು?" ಎಂದು ಯಾರನ್ನೂ ಕೇಳುವುದಿಲ್ಲ. "ಪಕ್ಕದ ಡೇರೆಗೆ ಏನು ಬೇಕು?" ಎಂದು ಕೇಳುತ್ತಾರೆ. ಆಗ ಬಾಯಿಗಳು ತೆರೆದುಕೊಳ್ಳುತ್ತವೆ.

"ತಮ್ಮದು ಹೇಳೋಕೆ ನಾಚಿಕೆ. ಪಕ್ಕದವರದ್ದು ಹೇಳೋಕೆ ಏನು ನಾಚಿಕೆ?" ಎಂದು ನಗುತ್ತಾರೆ. "ಅವಳ ಮಗು ಹಾಲಿಲ್ಲದೆ ರಾತ್ರಿಯೆಲ್ಲ ಅಳುತ್ತೆ, ನಮಗೂ ನಿದ್ದೆ ಇಲ್ಲ ಅಂತಾರೆ. ಬೈಯೋ ಹಾಗೇ ಹೇಳ್ತಾರೆ. ಆದ್ರೆ ಮಗುವಿಗೆ ಎಷ್ಟು ತಿಂಗಳು, ಯಾವ ಕೆಮ್ಮು, ಎಲ್ಲಾ ಗೊತ್ತಿರುತ್ತೆ."

ಈ ಉಪಾಯ ಅವರಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಹಜ್ಜಾ ಸೀಮೆಯ ಬೆಟ್ಟದ ಊರೊಂದರಲ್ಲಿ ಹುಟ್ಟಿ, ಎಂಟನೆಯ ತರಗತಿಯವರೆಗೆ ಓದಿ, ಮದುವೆಯಾದ ಮೇಲೆ ಊರಿನ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದವರು ತಖಿಯ್ಯಾ. ಯುದ್ಧ ಬಂದ ಮೇಲೆ ನಾಲ್ಕು ಸಲ ಊರು ಬಿಟ್ಟಿದ್ದಾರೆ. ಮೂರನೆಯ ಸಲ ಗಂಡ ಸಾಲಿಹ್ ನೆಲಬಾಂಬಿನ ಮೇಲೆ ಕಾಲಿಟ್ಟು ಬಲಗಾಲಿನ ಪಾದ ಕಳೆದುಕೊಂಡರು. ಆ ಚಳಿಗಾಲದಲ್ಲಿ ಯಾರೋ ಬಂದು "ಏನು ಬೇಕು?" ಎಂದು ಕೇಳಿದಾಗ, ಗಂಡನ ಗಾಯಕ್ಕೆ ಕಟ್ಟುವ ಬಟ್ಟೆಯೂ ಇಲ್ಲದಿದ್ದರೂ, "ದೇವರ ದಯೆ, ಎಲ್ಲಾ ಇದೆ" ಎಂದು ಹೇಳಿ ಕಳಿಸಿದ್ದರಂತೆ. ಔಷಧಿ ಬಂದದ್ದು ಪಕ್ಕದ ಡೇರೆಯ ಮುದುಕಿಯೊಬ್ಬರು ಆ ಜನರ ಹಿಂದೆ ಓಡಿಹೋಗಿ ವಿಷಯ ತಿಳಿಸಿದ್ದರಿಂದ. ಮುದುಕಿಯ ಹೆಸರು ಕೇಳಿಟ್ಟುಕೊಳ್ಳಲಿಲ್ಲ ಎಂಬ ಬೇಸರ ತಖಿಯ್ಯಾಗೆ ಇಂದಿಗೂ ಇದೆ.

ಅವರ ಸ್ವಂತ ಡೇರೆ ಇರುವುದು ಏಳನೆಯ ಸಾಲಿನಲ್ಲಿ. ಹದಿನಾಲ್ಕು ಡೇರೆಗಳ ಆ ಸಾಲು ಈ ಚಳಿಗಾಲದಲ್ಲಿ ಹೊದಿಕೆಯೇ ಇಲ್ಲದೆ ಉಳಿಯುವುದರಲ್ಲಿತ್ತು. ನವೆಂಬರ್ ತಿಂಗಳಲ್ಲಿ ಕಂಬಳಿ, ಟಾರ್ಪಾಲಿನ ಪಟ್ಟಿ ಮಾಡಲು ಸಂಸ್ಥೆಯಿಂದ ಇಬ್ಬರು ಹೊಸ ಹುಡುಗಿಯರು ಬಂದರು. ತಖಿಯ್ಯಾ ಆ ದಿನ ಗಂಡನ ಕೃತಕ ಪಾದದ ಅಳತೆ ಕೊಡಿಸಲು ಆಸ್ಪತ್ರೆಗೆ ಹೋಗಿದ್ದರು.

ಅಂದು ನಡೆದದ್ದನ್ನು ಪಕ್ಕದ ಡೇರೆಯ ಗಾಲಿಯಾ ಬಾಯಿಂದಲೇ ಕೇಳಬೇಕು. ಗಾಲಿಯಾ ವಿಧವೆ, ನಾಲ್ಕು ಮಕ್ಕಳ ತಾಯಿ, ಮಾತಿನಲ್ಲಿ ಚುರುಕು. ಮದುವೆಯಲ್ಲಿ ತವರಿನವರು ಕೊಟ್ಟ ಒಂದು ತಟ್ಟೆ, ಚಿನ್ನದ ಬಣ್ಣದ ಅಂಚಿನ ಆರು ಗಾಜಿನ ಲೋಟ ಅವರ ಬಳಿ ಇವೆ. ಸಾಲಿನಲ್ಲಿ ಬೇರೆ ಯಾರ ಬಳಿಯೂ ಅಂಥದ್ದಿಲ್ಲ.

"ಬಂದೋರಿಗೆ ಡಬ್ಬದ ಮುಚ್ಚಳದಲ್ಲಿ ಚಹಾ ಕೊಡೋಕಾಗುತ್ತಾ ಅಕ್ಕ?" ಎನ್ನುತ್ತಾರೆ ಗಾಲಿಯಾ. "ಅವರು ಮೊದಲನೇ ಡೇರೆಯಲ್ಲಿ ಕುಡಿದು ಎದ್ದ ತಕ್ಷಣ ನಾವು ತಟ್ಟೆನ ಶಾಲಿನ ಒಳಗೆ ಇಟ್ಕೊಂಡು, ಹಿಂದಿನಿಂದ ಎರಡನೇ ಡೇರೆಗೆ ಸಾಗಿಸ್ತಿದ್ವಿ. ಲೋಟ ತೊಳೆದು, ಸಕ್ಕರೆ ಡಬ್ಬಿ, ನನ್ನ ಚಾಪೆ, ಎಲ್ಲಾ ಜೊತೆಗೇ. ಹತ್ತನೇ ಡೇರೆಗೆ ಬಂದಾಗ ಒಬ್ಬಳು ಹುಡುಗಿ ಕೇಳಿದ್ಲು, ಏನಮ್ಮಾ, ಈ ಸಾಲಿನೋರೆಲ್ಲ ಒಂದೇ ಅಂಗಡೀಲಿ ಲೋಟ ತಗೊಂಡಿದೀರಾ ಅಂತ. ಹೌದು ಮಗಳೇ, ಒಳ್ಳೇ ಅಂಗಡಿ ಅಂದೆ."

ತಖಿಯ್ಯಾರ ಖಾಲಿ ಡೇರೆ ಬಿಟ್ಟು ಹುಡುಗಿಯರು ಹದಿಮೂರು ಡೇರೆಗಳಲ್ಲಿ ತಲಾ ಹದಿಮೂರು ಲೋಟ ಚಹಾ ಕುಡಿದರು. ಹದಿಮೂರು ಸಲ "ಏನೂ ಕಡಿಮೆ ಇಲ್ಲ" ಎಂಬ ಉತ್ತರ ಬರೆದುಕೊಂಡರು. ಚಾಪೆ ಇದೆ, ಸಕ್ಕರೆ ಇದೆ, ಗಾಜಿನ ಲೋಟ ಇದೆ. ಅವರದ್ದೇನೂ ತಪ್ಪಿಲ್ಲ, ಕಂಡದ್ದನ್ನು ಬರೆದರು. ಮೂರು ವಾರದ ನಂತರ ನೀರಿನ ಟ್ಯಾಂಕಿಗೆ ಅಂಟಿಸಿದ ಪಟ್ಟಿಯಲ್ಲಿ ಏಳನೆಯ ಸಾಲಿನ ಒಂದು ಹೆಸರೂ ಇರಲಿಲ್ಲ.

ಅಷ್ಟು ಹೊತ್ತಿಗೆ ಚಳಿ ಜೋರಾಗಿತ್ತು. ಮರಳುಗಾಡಿನ ಚಳಿಗೆ ಡೇರೆಯ ಬಟ್ಟೆ ಒಂದು ಲೆಕ್ಕವಲ್ಲ. ಸಾಲಿನ ಕೊನೆಯಲ್ಲಿರುವ ಮುಖ್ಬಿಲ್ ಅಜ್ಜನ ಡೇರೆಯಲ್ಲಿ ಗಂಡ ಹೆಂಡತಿ, ಆರು ಮೊಮ್ಮಕ್ಕಳು, ಒಟ್ಟು ಎಂಟು ಜನರಿಗೆ ಎರಡೇ ಕಂಬಳಿ. ತಖಿಯ್ಯಾ ಸಂಸ್ಥೆಯ ಕಚೇರಿಗೆ ನಡೆದುಹೋದರು. ಅಲ್ಲಿನ ಮೇಲ್ವಿಚಾರಕ ನಶ್ವಾನ್ ತೈಜ್ ನಗರದ ಕಡೆಯವನು, ಇನ್ನೂ ಮೂವತ್ತು ದಾಟಿಲ್ಲ.

"ಚಿಕ್ಕಮ್ಮ, ನೀವು ಹೇಳೋದು ನಾನು ನಂಬ್ತೀನಿ. ಆದ್ರೆ ಬೇಡ ಅಂತ ಒಂದು ಸಲ ಬರೆದಾಗಿದೆ," ಎಂದ ಅವನು. "ಅದನ್ನ ತಿದ್ದಬೇಕಾದ್ರೆ ಪಕ್ಕದವರ ಮಾತು ಸಾಲಲ್ಲ. ಮನೆ ಯಜಮಾನರೇ ನನ್ನೆದುರು ಬಾಯಿಬಿಟ್ಟು ಹೇಳ್ಬೇಕು. ಗುರುವಾರ ಪಟ್ಟಿ ಮುಚ್ಚುತ್ತೆ."

"ಬುಧವಾರ ಬಾ. ಹೊಟ್ಟೆ ತುಂಬಿಸ್ಕೊಂಡು ಬಾ. ಅಲ್ಲಿ ನಿನಗೆ ಚಹಾ ಸಿಗಲ್ಲ," ಎಂದರು ತಖಿಯ್ಯಾ.

ಅದೊಂದು ಮಾತು ಸುಳ್ಳಾಯಿತು. ಬುಧವಾರ ಎಲ್ಲರೂ ಸೇರಿದ್ದು ಮುಖ್ಬಿಲ್ ಅಜ್ಜನ ಡೇರೆಯಲ್ಲಿ. ಹಿರಿಯರು ಅವರೇ, ಸಿರ್ವಾಹ್ ಕಡೆಯ ತಮ್ಮ ಊರಿನಲ್ಲಿ ಜಗಳ ಬಿಡಿಸುತ್ತಿದ್ದವರು. ಅವರ ಮನೆಗೆ ಬಂದು ಉಣ್ಣದೆ ಹೋದವರಿರಲಿಲ್ಲವಂತೆ. ಹೆಂಗಸರು ಒಂದು ಬದಿ, ಗಂಡಸರು ಒಂದು ಬದಿ ಕೂತರು. ಗಾಲಿಯಾರ ತಟ್ಟೆ ಹೊರಗೆ ಬರಕೂಡದೆಂದು ತಖಿಯ್ಯಾ ಕಟ್ಟಪ್ಪಣೆ ಮಾಡಿದ್ದರು. ಅಜ್ಜ ಬಿಡಲಿಲ್ಲ, ಹಳೆಯ ಟೊಮ್ಯಾಟೋ ಡಬ್ಬಿಯಲ್ಲಿ ಚಹಾ ಬಂತು.

"ತೈಜಿನ ಹುಡುಗ, ಸಕ್ಕರೆ ಇಲ್ಲದ ಚಹಾ ಕುಡಿದಿದ್ದೀಯಾ? ಹಲ್ಲಿಗೆ ಒಳ್ಳೇದು," ಎಂದರು ಅಜ್ಜ.

ನಶ್ವಾನ್ ಕುಡಿದ. ಕಾಗದ ಬಿಡಿಸಿ ಕೇಳಿದ: "ಅಜ್ಜ, ನಿಮಗೆ ಏನು ಬೇಕು ಅಂತ ನೀವೇ ಹೇಳಿ."

"ನಮಗೇನು ಕಡಿಮೆ ಆಗಿದೆಯಪ್ಪ? ನೀನು ಊಟ ಮುಗಿಸ್ಕೊಂಡು ಹೋಗು."

ನಶ್ವಾನ್ ತಖಿಯ್ಯಾ ಕಡೆ ನೋಡಿದ. ಉಳಿದ ಮನೆಗಳ ಯಜಮಾನರೆಲ್ಲ ಅಜ್ಜನನ್ನೇ ನೋಡುತ್ತಿದ್ದರು. ಅವರು ಹೇಳದಿದ್ದರೆ ಉಳಿದ ಯಾರೂ ಹೇಳುವುದಿಲ್ಲ ಎಂಬುದು ತಖಿಯ್ಯಾಗೆ ಗೊತ್ತಿತ್ತು. ಅವರು ಗಾಲಿಯಾ ಕಡೆ ತಿರುಗಿದರು. "ನೀನು ಹೇಳು. ಈ ಡೇರೆಗೆ ಏನು ಬೇಕು?"

ಗಾಲಿಯಾ ನೆಲ ನೋಡುತ್ತಲೇ ಹೇಳಿದರು. "ಎರಡು ಕಂಬಳೀನೂ ಮಕ್ಕಳ ಮೇಲಿರುತ್ತೆ. ಅಜ್ಜ ಕೋಟು ಹಾಕ್ಕೊಂಡು ಕೂತೇ ನಿದ್ದೆ ಮಾಡ್ತಾರೆ. ಅಜ್ಜಿಗೆ ಸಕ್ಕರೆ ಕಾಯಿಲೆ, ಔಷಧಿ ಮುಗಿದು ಹನ್ನೆರಡು ದಿನ ಆಯ್ತು. ಹಿಟ್ಟು ನಾಡಿದ್ದಿನವರೆಗೆ ಮಾತ್ರ ಸಾಕು."

ಅಜ್ಜ ಗಡ್ಡ ಸವರಿಕೊಳ್ಳುತ್ತಾ ಕೂತಿದ್ದರು. ನಶ್ವಾನ್ ಪೆನ್ನು ಕಾಗದದ ಮೇಲೆ ಎತ್ತಿ ಹಿಡಿದೇ ಇದ್ದ.

"ಅಜ್ಜ," ಎಂದರು ತಖಿಯ್ಯಾ, "ಏನು ಬೇಕು ಅಂತ ನಾನು ನಿಮ್ಮನ್ನ ಕೇಳ್ತಿಲ್ಲ. ಒಂದೇ ಮಾತು ಹೇಳಿ. ಗಾಲಿಯಾ ಹೇಳಿದ್ದು ಸುಳ್ಳಾ?"

ಅತಿಥಿಯ ಎದುರು ನೆರೆಯವಳನ್ನು ಸುಳ್ಳುಗಾತಿ ಎನ್ನುವುದಕ್ಕಿಂತ ದೊಡ್ಡ ಅವಮಾನ ಈ ಜನರಲ್ಲಿ ಇಲ್ಲ. ಅಜ್ಜ ಗಡ್ಡದಿಂದ ಕೈ ತೆಗೆದರು. ಆಮೇಲೆ, "ಅವಳು ಸುಳ್ಳು ಹೇಳೋ ಮನೆಯಿಂದ ಬಂದವಳಲ್ಲ," ಎಂದರು.

"ನಶ್ವಾನ್, ಈ ಮಾತು ಯಾರ ಬಾಯಿಂದ ಬಂತು?"

"ಅಜ್ಜನ ಬಾಯಿಂದಲೇ."

"ಹಾಗಾದ್ರೆ ಬರಿ."

ಅವನು ಬರೆದ. ಮುಂದಿನದು ಸಲೀಸಾಯಿತು. ಗಾಲಿಯಾರ ಡೇರೆಯ ಬಗ್ಗೆ ಹೇಳುವ ಸರದಿ ಅಜ್ಜನದ್ದು. "ಅವಳ ಮಾಡಿಗೆ ಎಷ್ಟು ತೂತು ಅಂದ್ರೆ, ಮಲಗಿದಲ್ಲೇ ನಕ್ಷತ್ರ ಎಣಿಸಬಹುದು. ಟಾರ್ಪಾಲು ಬರಿ. ಎರಡು ಬರಿ. ನಾಲಿಗೆಗೆ ಒಂದು ಬೀಗಾನೂ ಬರಿ," ಎಂದಾಗ ಹೆಂಗಸರ ಕಡೆಯಿಂದ ನಗು ಕೇಳಿತು. ಮಧ್ಯಾಹ್ನದ ನಂತರದ ನಮಾಜಿಗೆ ಮೊದಲು ಹದಿಮೂರು ಡೇರೆ ಮುಗಿದವು. ಹದಿನಾಲ್ಕನೆಯದು ತಖಿಯ್ಯಾರದ್ದು. ಸಂಸ್ಥೆಯಿಂದ ದಿನಗೂಲಿ ಪಡೆಯುವವರ ಹೆಸರು ಪಟ್ಟಿಗೆ ಸೇರುವಂತಿಲ್ಲ. ಅದನ್ನು ನಶ್ವಾನ್ ಬಾಯಿಬಿಟ್ಟು ಹೇಳುವ ಮೊದಲೇ ಅವರು ಎದ್ದು ಚಪ್ಪಲಿ ಹಾಕಿಕೊಂಡಿದ್ದರು.

ಎಂಟು ದಿನಕ್ಕೆ ಲಾರಿ ಬಂತು. ಕಂಬಳಿ ಬಂತು, ಟಾರ್ಪಾಲು ಬಂತು. ಎಲ್ಲವೂ ಬಂತೆಂದಲ್ಲ. ಅಜ್ಜಿಯ ಔಷಧಿಯ ಕೋರಿಕೆ ಬೇರೆ ಕಚೇರಿಗೆ ಹೋಗಿದೆ, ಇನ್ನೂ ಉತ್ತರವಿಲ್ಲ. ಅಲ್ಲಿಯವರೆಗೆ ಮೂರನೆಯ ಸಾಲಿನ, ಅದೇ ಕಾಯಿಲೆಯ ಹೆಂಗಸೊಬ್ಬರು ತಮ್ಮ ಪಾಲಿನಲ್ಲಿ ಅರ್ಧ ಕೊಡುತ್ತಿದ್ದಾರೆ. ಹೆಂಗಸರ ಪಾಯಿಖಾನೆಯ ಬಾಗಿಲಿಗೆ ಚಿಲಕವಿಲ್ಲವೆಂದು ತಖಿಯ್ಯಾ ಎರಡು ವರ್ಷದಿಂದ ಬರೆಯುತ್ತಲೇ ಇದ್ದಾರೆ.

"ಚಿಲಕ ಇಲ್ದೆ ಹುಡುಗೀರು ಕತ್ತಲಾಗೋವರೆಗೆ ನೀರೇ ಕುಡಿಯಲ್ಲ. ಇದನ್ನ ಎಲ್ಲಿ ಬರೀಲಿ? ಕಾಗದದಲ್ಲಿ ಅದಕ್ಕೆ ಜಾಗಾನೇ ಇಲ್ಲ," ಎನ್ನುತ್ತಾರೆ. ಸದ್ಯಕ್ಕೆ ತಾವೇ ತಂತಿ ಬಗ್ಗಿಸಿ ಒಂದು ಕೊಕ್ಕೆ ಹಾಕಿದ್ದಾರೆ.

ಲಾರಿ ಬಂದ ದಿನ ಸಂಜೆ ಮುಖ್ಬಿಲ್ ಅಜ್ಜನ ಹಿರಿಯ ಮೊಮ್ಮಗಳು ಒಂದು ಹೊಸ ಕಂಬಳಿ ತಂದು ತಖಿಯ್ಯಾರ ಡೇರೆಯೊಳಗೆ ಇಟ್ಟು, "ಅಜ್ಜ ಹೇಳಿದ್ರು, ನಮಗೆ ಇದು ಹೆಚ್ಚಾಯ್ತಂತೆ," ಎಂದು ಓಡಿಹೋದಳು.

"ಎಂಟು ಜನಕ್ಕೆ ಬಂದಿದ್ದು ನಾಲ್ಕು ಕಂಬಳಿ. ಅದರಲ್ಲಿ ಹೆಚ್ಚಾಗಿದ್ದು ಹೇಗೆ ಅಂತ ನಾನು ಕೇಳಲಿಲ್ಲ," ಎನ್ನುತ್ತಾರೆ ತಖಿಯ್ಯಾ. "ವಾಪಸ್ ಕಳಿಸಿದ್ರೆ ಅಜ್ಜ ನನ್ನ ಹತ್ರ ಮಾತು ಬಿಡ್ತಿದ್ರು. ಸಾಲಿಹ್ ಕಾಲಿಗೆ ಸುತ್ತಿದೀನಿ. ಚಳಿಗೆ ಆ ಕಾಲು ಬಹಳ ನೋಯುತ್ತೆ."

ಹೊಸ ವರ್ಷದಿಂದ ಅವರ ಕೆಲಸ ಇನ್ನೆರಡು ಶಿಬಿರಗಳಿಗೆ ಹಬ್ಬಿದೆ. ಹೊಸ ಹುಡುಗಿಯರನ್ನು ಜೊತೆಗೆ ಕರೆದುಕೊಂಡು ಹೋಗಿ ಬೆಳಗಿನ ಹೊಗೆ ನೋಡುವುದನ್ನು ಕಲಿಸುತ್ತಾರೆ. ಚಹಾ ಕೊಟ್ಟರೆ ಕುಡಿಯಿರಿ, ಆದರೆ ಲೋಟ ನೋಡಿ ಬರೆಯಬೇಡಿ ಎನ್ನುತ್ತಾರೆ. ಬಿಸಿಲೇರುವ ಹೊತ್ತಿಗೆ ಡೇರೆಗೆ ಬಂದು ಮೆಂತ್ಯ ನೆನೆಸಿ ಕಡೆದ ನೊರೆಯಲ್ಲಿ ರೊಟ್ಟಿ ಅದ್ದಿ ತಿಂದು, ಮತ್ತೆ ಹೊರಡುತ್ತಾರೆ.

ನಿಮಗೇನು ಆಸೆ ಎಂದರೆ ತಖಿಯ್ಯಾ ಮೊದಲು ನಕ್ಕುಬಿಡುತ್ತಾರೆ. ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಾ ಕೂತ ಗಾಲಿಯಾ, "ಅವಳನ್ನ ಏನು ಕೇಳ್ತೀರಿ, ನನ್ನ ಕೇಳಿ," ಎನ್ನುತ್ತಾರೆ. ತಖಿಯ್ಯಾ ಕೈಯೆತ್ತಿ ತಡೆದು, ಈ ಒಂದು ಸಲ ತಾವೇ ಹೇಳುತ್ತಾರೆ.

"ಊರಲ್ಲಿ ನಮ್ಮ ಮನೆ ಮಾಡು ಬಿದ್ದಿದೆ ಅಂತಾರೆ, ಗೋಡೆ ಇದೆಯಂತೆ. ಒಂದಿನ ಅಲ್ಲಿ ಕೂತಿರ್ಬೇಕು. ಯಾರಾದ್ರೂ ಪುಸ್ತಕ ಹಿಡ್ಕೊಂಡು ಬಂದು, ಅಮ್ಮಾ ನಿಮಗೆ ಏನು ಬೇಕು ಅಂತ ಕೇಳ್ಬೇಕು. ನಾನು ಏನೂ ಬೇಡ ಅನ್ಬೇಕು. ಅವತ್ತು ಅದು ನಿಜ ಆಗಿರ್ಬೇಕು."