ಜ್ವರವಿಲ್ಲದ ದಿನಗಳ ಬಾವಿ

ಚಾಕೋ ಯುದ್ಧಭೂಮಿಯಿಂದ ತಾಕುವರಿ ಎಂಬ ತನ್ನ ಹಳ್ಳಿಗೆ ವಾಪಸು ಬಂದಾಗ ಓಸ್ತಾಪನ ಮೈಮೇಲೆ ಒಂದೇ ಒಂದು ಗಾಯವಿರಲಿಲ್ಲ. ಅದೇ ಅವನಿಗೆ ಮುಳುವಾಯಿತು.

ಪರಾಗ್ವೆಯ ಗಂಡಸರೆಲ್ಲ ಚಾಕೋ ಸೀಮೆಗಾಗಿ ಬೊಲಿವಿಯಾದ ಜತೆ ಕಾದಾಡಲು ಹೋಗಿದ್ದ ಕಾಲ ಅದು. ಓಸ್ತಾಪ್ ಹೋಗಲೇಬೇಕೆಂದೇನೂ ಇರಲಿಲ್ಲ. ಹೆಂಡತಿ ಪರಾಸ್ಕಾಳ ಜತೆ ಉಕ್ರೇನಿನಿಂದ ಬಂದು ಈ ಕೆಂಪು ಮಣ್ಣಿನಲ್ಲಿ ಬೇರೂರಿ ಆರು ವರ್ಷವಾಗಿತ್ತಷ್ಟೆ. ಆದರೂ, "ನಮಗೆ ಜಾಗ ಕೊಟ್ಟ ನೆಲ ಕಣೇ, ಸುಮ್ನೆ ಕೂತ್ಕೊಳ್ಳೋಕಾಗುತ್ತಾ?" ಎಂದು ತಾನಾಗಿಯೇ ಹೆಸರು ಬರೆಸಿದ. ಅವನದು ಬಾವಿ ತೋಡುವ ಕಸುಬು. ಬಂದೂಕಿನ ಗುಂಡಿಗೆ ಹೆದರದವರೂ ಬಾಯಾರಿಕೆಗೆ ಹೆದರುತ್ತಿದ್ದ ಚಾಕೋದ ಮುಳ್ಳುಕಾಡಿನಲ್ಲಿ ಹದಿಮೂರು ತಿಂಗಳು ಸೈನ್ಯಕ್ಕಾಗಿ ನೀರು ಹುಡುಕಿದ. ಕೊನೆಗೆ ಮಲೇರಿಯಾ ಹಿಡಿದು, ಗುಲ್ಮ ಊದಿ, ಗುದ್ದಲಿ ಎತ್ತಲಾರದಂತಾದಾಗ ವೈದ್ಯರು ಬಿಡುಗಡೆಯ ಚೀಟಿ ಬರೆದು ಮನೆಗೆ ಕಳಿಸಿದರು.

ಊರಲ್ಲಿ ಉಳಿದಿದ್ದವರು ಹೆಂಗಸರು, ಮುದುಕರು, ಮಕ್ಕಳು. ಹಿರಿಯ ಹೆಂಗಸೆಂದು ಎಲ್ಲರೂ ಗೌರವದಿಂದ 'ನ್ಯಾ' ಎನ್ನುತ್ತಿದ್ದ ಎದುರುಮನೆಯ ಲಿಬ್ರಾದಾಳ ಇಬ್ಬರು ಗಂಡುಮಕ್ಕಳೂ ರಣರಂಗದಲ್ಲಿದ್ದರು. ಅಂಗಳದಲ್ಲಿ ಮರಗೆಣಸು ಸುಲಿಯುತ್ತ ಆಕೆ ಎಲ್ಲರಿಗೂ ಕೇಳುವಂತೆ ಅಂದಳು: "ಕೈ ನೆಟ್ಟಗಿದೆ, ಕಾಲು ನೆಟ್ಟಗಿದೆ. ಈ ಪರದೇಶಿ ಗ್ರಿಂಗೋಗೆ ಇನ್ನೇನಪ್ಪಾ ರೋಗ? ಹೆಂಡ್ತಿ ಸೆರಗಿನ ರೋಗ!"

ಪರಾಸ್ಕಾ ಜಗಳಕ್ಕೆ ಎದ್ದಳು. ಓಸ್ತಾಪ್ ಅವಳ ತೋಳು ಹಿಡಿದ. "ಅವಳ ಮಕ್ಕಳು ಇನ್ನೂ ಅಲ್ಲೇ ಇದಾರೆ. ಅನ್ನಲಿ ಬಿಡು."

ಆ ಬೇಸಿಗೆಯಲ್ಲಿ ತೊರೆ ಬತ್ತಿ ಕೆಸರಾಯಿತು. ಎತ್ತುಗಳು ಹೊರಳುವ ನೀರನ್ನೇ ಜನ ಕುಡಿದರು. ಮಕ್ಕಳಿಗೆ ಆಮಶಂಕೆ ಬಡಿದು ಒಂದೇ ತಿಂಗಳಲ್ಲಿ ಮೂರು ಕೂಸುಗಳು ಹೋದವು. ಅದರಲ್ಲೊಂದು ಲಿಬ್ರಾದಾಳ ಮೊಮ್ಮಗಳು. ಮಗುವನ್ನು ಮಣ್ಣು ಮಾಡಿ ಬಂದ ಮರುಬೆಳಿಗ್ಗೆ ಓಸ್ತಾಪ್ ಪ್ರಾರ್ಥನಾಮಂದಿರದ ಪಕ್ಕದ ಬಯಲಲ್ಲಿ ವೃತ್ತ ಗೀಚಿ ಅಗೆಯತೊಡಗಿದ.

ಮೊದಲ ದಿನ ಹತ್ತು ಗುದ್ದಲಿ ಹಾಕುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಕೂತ, ಎದ್ದ, ಮತ್ತೆ ಅಗೆದ. ಒಂದು ದಿನ ಬಿಟ್ಟು ಒಂದು ದಿನ ಚಳಿಜ್ವರ ತಪ್ಪುತ್ತಿರಲಿಲ್ಲ. ಜ್ವರದ ದಿನ ಕ್ವಿನೈನ್ ನುಂಗಿ ಮುದುರಿಕೊಳ್ಳುವುದು, ಬಿಟ್ಟ ದಿನ ಗುಂಡಿಗಿಳಿಯುವುದು. ಹೀಗೇ ನಾಲ್ಕಾಳು ಆಳ ಹೋದ. ಪರಾಸ್ಕಾ ರಾಟೆಯ ಹಗ್ಗದಲ್ಲಿ ಮಣ್ಣು ಎಳೆದಳು. ನೆರೆಯ ಹೆಂಗಸರು ಮೊದಲು ನಕ್ಕರು, ಆಮೇಲೆ ಸರದಿಯಂತೆ ಹಗ್ಗ ಹಿಡಿದರು. ಲಿಬ್ರಾದಾ ಮಾತ್ರ ದೂರ ನಿಂತು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಜ್ವರ ಒಂದು ದಿನ ಮೊದಲೇ ಬಂತು. ಗುಂಡಿಯೊಳಗಿಂದ ಗುದ್ದಲಿಯ ಸದ್ದು ನಿಂತಿತು.

"ಓಸ್ತಾಪ್! ಮಾತಾಡೋ!" ಪರಾಸ್ಕಾ ಕೂಗಿದಳು. ಬಗ್ಗಿ ನೋಡಿದರೆ ಅವನು ತಳದಲ್ಲಿ ಮುದುರಿ ಬಿದ್ದಿದ್ದ.

ಎಲ್ಲರಿಗಿಂತ ಮೊದಲು ಓಡಿ ಬಂದು ಹಗ್ಗ ಹಿಡಿದು ಕೆಳಗಿಳಿದವಳು ಲಿಬ್ರಾದಾ. ಅವನ ಕಂಕುಳಿಗೆ ಹಗ್ಗ ಬಿಗಿದು, "ಎಳೀರೇ!" ಎಂದು ಅರಚಿದಳು. ಮೇಲೆ ಉರಿಬಿಸಿಲಲ್ಲಿ ಮೂರು ಕಂಬಳಿ ಹೊದಿಸಿದರೂ ಅವನ ಹಲ್ಲು ಕಟಕಟ ಬಡಿಯುತ್ತಿದ್ದವು. ಹಿಂದೆಯೇ ಮೇಲೆ ಬಂದ ಲಿಬ್ರಾದಾ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಖದ ಮಣ್ಣು ಒರೆಸಿದಳು. "ನನ್ನ ಮಕ್ಕಳಿಗೂ ಹಿಂಗೇ ಬರ್ತಿರಬಹುದಾ?" ಎಂದಳು. ಕೇಳಿದ್ದು ಯಾರನ್ನೆಂದು ಯಾರಿಗೂ ತಿಳಿಯಲಿಲ್ಲ.

ಅವನಿಗೆ ಎಚ್ಚರವಾದಾಗ ಆಕೆ ಮೊದಲ ಸಲ ಗೌರವದ 'ಡಾನ್' ಸೇರಿಸಿ ಹೇಳಿದಳು: "ಇನ್ಮೇಲೆ ಜ್ವರದ ದಿನ ನೀವು ಮಲಗಿ, ಡಾನ್ ಓಸ್ತಾಪ್. ಅವತ್ತು ಅಗೆಯೋದು ನಾನು."

"ನಿಮಗೆ ಬರುತ್ತಾ, ನ್ಯಾ ಲಿಬ್ರಾದಾ?"

"ನಲವತ್ತು ವರ್ಷದಿಂದ ಮರಗೆಣಸು ಅಗೀತಿದೀನಿ. ಇದು ಸ್ವಲ್ಪ ಆಳದ ಮರಗೆಣಸು, ಅಷ್ಟೇ ತಾನೆ!"

ಮಾತಿನಂತೆ ನಡೆದುಕೊಂಡಳು. ಓಸ್ತಾಪ್ ಬಾವಿಯ ಬಾಯಲ್ಲಿ ಕಂಬಳಿ ಹೊದ್ದು ಮಲಗಿಯೇ ಗೋಡೆ ಎಲ್ಲಿ ಸಡಿಲ, ಆಸರೆ ಎಲ್ಲಿ ಕೊಡಬೇಕು ಎಂದು ಹೇಳುತ್ತಿದ್ದ. ಎಂಟಾಳು ಆಳದಲ್ಲಿ ಬಂಡೆ ಸಿಕ್ಕಿತು. ಅದನ್ನೊಡೆಯಲು ಹನ್ನೊಂದು ದಿನ ಹಿಡಿಯಿತು. ಹನ್ನೆರಡನೆಯ ದಿನ ಬಿರುಕಿನಿಂದ ತಣ್ಣನೆಯ ನೀರು ಲಿಬ್ರಾದಾಳ ಪಾದಕ್ಕೆ ಬಡಿಯಿತು. ಕೆಸರಾದ ಮೈಯಲ್ಲೇ ಆಕೆ ಮೇಲೆ ಬಂದು, ನೀರು ತಿಳಿಯಾದ ಮೇಲೆ ಮೊದಲ ಗುಟುಕನ್ನು ಓಸ್ತಾಪನ ಬಾಯಿಗೇ ಹಿಡಿದಳು.

ಯುದ್ಧ ಮುಗಿದಾಗ ಲಿಬ್ರಾದಾಳ ಕಿರಿಯ ಮಗ ಮಾತ್ರ ಬಂದ. ಹಿರಿಯವನ ಹೆಸರಿನಲ್ಲಿ ಒಂಬತ್ತು ದಿನ ಪ್ರಾರ್ಥನೆ ನಡೆದಾಗ, ರಣರಂಗದಿಂದ ಮರಳಿದವರ ಸಾಲಿನಲ್ಲೇ ಓಸ್ತಾಪನಿಗೂ ಕುರ್ಚಿ ಹಾಕಿಸಿದಳು. ಅವನು ಹಿಂಜರಿದಾಗ ಭುಜ ಒತ್ತಿ ಕೂರಿಸಿದಳು. ಜ್ವರ ಅವನನ್ನು ಪೂರ್ತಿ ಬಿಡಲು ಇನ್ನೂ ಐದು ವರ್ಷ ಬೇಕಾಯಿತು. ಅಷ್ಟರಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಅವನು ಮತ್ತೆ ಏಳು ಬಾವಿ ತೋಡಿದ್ದ.