ಆರು ನಿಮಿಷ ಸುಮ್ಮನಿದ್ದ ಡಾಕ್ಟರಮ್ಮ

ಹೃದ್ರೋಗ ಸಂಶೋಧನೆಯಲ್ಲಿ ದೊಡ್ಡವರನ್ನು ಅವರು ಕಂಡುಹಿಡಿದದ್ದರಿಂದ ಗುರುತಿಸುವುದು ವಾಡಿಕೆ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ವಿಭಾಗದ ಮುಖ್ಯಸ್ಥೆಯನ್ನು ಅವರು ಕೈಬಿಟ್ಟದ್ದರಿಂದಲೂ ಗುರುತಿಸಬೇಕಾಗುತ್ತದೆ. ರೋಗಿಗಳ ಬಾಯಲ್ಲಿ ಅವರು ‘ದೊಡ್ಡ ಡಾಕ್ಟರಮ್ಮ’. ಆ ಬಿರುದಿನಲ್ಲಿ ಹುದ್ದೆಗಿಂತ ದನಿಯ ಪಾಲೇ ಹೆಚ್ಚು.

ಈ ಬೋಧನಾ ಆಸ್ಪತ್ರೆಗೆ ಕಿರಿಯ ವೈದ್ಯೆಯಾಗಿ ಬಂದಾಗಲೇ ಅವರು ಮೊದಲ ಮಹಡಿಯ ಉದ್ದನೆಯ ಕಾರಿಡಾರನ್ನು ತಮ್ಮದಾಗಿಸಿಕೊಂಡರು. ದುರ್ಬಲ ಹೃದಯದ ರೋಗಿ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರೆಂದು ಅಳೆಯುವುದು ಅಲ್ಲೇ. ಎರಡೂ ತುದಿಗೆ ಒಂದೊಂದು ಕಿತ್ತಳೆ ಬಣ್ಣದ ಶಂಕು, ಗೋಡೆಯುದ್ದಕ್ಕೂ ಕುರ್ಚಿಗಳು. ಸವೆದ ಚಪ್ಪಲಿಯಲ್ಲಿ ಬಂದ ಅಜ್ಜಿಯೊಬ್ಬರಿಗೆ ತಮ್ಮ ಬೂಟನ್ನೇ ತೊಡಿಸಿ, ತಾವು ಆಪರೇಷನ್ ಥಿಯೇಟರಿನ ರಬ್ಬರ್ ಚಪ್ಪಲಿಯಲ್ಲಿ ಇಡೀ ದಿನ ಕಳೆದವರು ಅವರು.

ಮುಖ್ಯಸ್ಥೆಯಾದ ಮೇಲೆ ಹೊಸ ಮಾತ್ರೆಯೊಂದರ ಅಧ್ಯಯನ ಕೈಗೆತ್ತಿಕೊಂಡರು. ಮಾತ್ರೆ ಶುರುವಾಗುವ ಮೊದಲು ಟೆಕ್ನಿಷಿಯನ್, ಮುಗಿದ ಮೇಲೆ ಸ್ವತಃ ಅವರೇ ನಡಿಗೆ ಅಳೆದರು. ಬಹುತೇಕ ಎಲ್ಲರೂ ಮೊದಲಿಗಿಂತ ಹೆಚ್ಚು ದೂರ ನಡೆದರು. ಸಮ್ಮೇಳನಕ್ಕೆ ಪ್ರಬಂಧ ಸಿದ್ಧವಾಯಿತು. ಅವರ ಸಂಶೋಧನಾ ವಿದ್ಯಾರ್ಥಿನಿಯ ಪದವಿಗೂ ಅದೇ ಆಧಾರ.

ತೊಡಕು ಕಂಡದ್ದು ಆ ವಿದ್ಯಾರ್ಥಿನಿಗೇ. ಮುಖ್ಯಸ್ಥೆ ರಜೆಯಲ್ಲಿದ್ದಾಗ, ಮಾತ್ರೆ ಮುಗಿದ ಮೇಲೂ ಟೆಕ್ನಿಷಿಯನ್ನೇ ಅಳೆದವರಲ್ಲಿ ಒಬ್ಬರೂ ಸುಧಾರಿಸಿರಲಿಲ್ಲ. ಹೇಳಿದರೆ ಗುರುಗಳ ಪ್ರಬಂಧ ಬೀಳುತ್ತದೆ, ತನ್ನ ಪದವಿ ಮುಂದೆ ಹೋಗುತ್ತದೆ. ಹೇಳದಿದ್ದರೆ ಕೆಲಸಕ್ಕೆ ಬಾರದ ಮಾತ್ರೆಯನ್ನು ರೋಗಿಗಳು ನುಂಗುತ್ತಾರೆ. ಅಂಜುತ್ತಲೇ ಹೇಳಿದಳು. ಮುಖ್ಯಸ್ಥೆ ವಾದಿಸಲಿಲ್ಲ. ಕಾರಿಡಾರಿಗೆ ಬಂದು, ಸರದಿಗೆ ಕೂತಿದ್ದ ನಿವೃತ್ತ ಬಸ್ ಚಾಲಕರನ್ನು ನೇರವಾಗಿ ಕೇಳಿದರು.

“ಯಜಮಾನ್ರೇ, ನಾನಿದ್ರೆ ಜಾಸ್ತಿ ನಡೀತೀರಂತೆ. ನಿಜಾನಾ?”

“ಮತ್ತೆ? ‘ಬನ್ನಿ ಬನ್ನಿ, ಇನ್ನೊಂದು ಸುತ್ತು, ಶಭಾಷ್’ ಅಂತ ನೀವು ಹಿಂದೇನೇ ಕೂಗ್ತಿದ್ರೆ ಬ್ರೇಕ್ ಹಾಕೋಕೆ ಧೈರ್ಯ ಬರುತ್ತಾ ತಾಯಿ? ಆ ಟೆಕ್ನಿಷಿಯನ್ನು ತುಟಿ ಬಿಚ್ಚಲ್ಲ. ನಾನೂ ನಿಧಾನಕ್ಕೆ ಹೋಗ್ತೀನಿ.”

ಮುಖ್ಯಸ್ಥೆ ಹೊಟ್ಟೆ ಹಿಡಿದುಕೊಂಡು ನಕ್ಕು, ವಿದ್ಯಾರ್ಥಿನಿಯತ್ತ ತಿರುಗಿದರು. “ನೋಡಮ್ಮಾ, ಇಷ್ಟು ದಿನ ನಾವು ಪರೀಕ್ಷೆ ಮಾಡಿದ್ದು ಮಾತ್ರೇನಲ್ಲ, ನನ್ನ ಗಂಟಲನ್ನ!”

ಅಂದೇ ಪ್ರಬಂಧ ಹಿಂತೆಗೆದರು. ಅಳೆಯುವಾಗ ಹುರಿದುಂಬಿಸಬಾರದೆಂಬ ನಿಯಮ ಮೊದಲಿನಿಂದಲೂ ಇತ್ತು. ಅಕ್ಕರೆಯ ಭರದಲ್ಲಿ ತಾವೇ ಮರೆತದ್ದನ್ನು ವಿಭಾಗದ ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು. ಅಧ್ಯಯನ ಹೊಸದಾಗಿ ನಡೆಯಿತು. ಅವರು ಬಾಯಿಗೆ ಬೀಗ ಹಾಕಿಕೊಂಡು ಮೂಲೆಯಲ್ಲಿ ನಿಂತದ್ದನ್ನು ಕಂಡ ಚಾಲಕರು, “ಯಾಕೆ, ಡಾಕ್ಟರಮ್ಮನಿಗೆ ಹುಷಾರಿಲ್ವಾ?” ಎಂದು ನರ್ಸನ್ನು ಕೇಳಿದ್ದುಂಟು. ಮಾತ್ರೆಯಿಂದ ಪ್ರಯೋಜನವಿಲ್ಲವೆಂದು ಖಚಿತವಾಯಿತು. ಅದನ್ನೇ ಪ್ರಕಟಿಸಿದರು, ಮೊದಲ ಹೆಸರು ವಿದ್ಯಾರ್ಥಿನಿಯದು. ಪದವಿ ತಡವಾಗಿ ಬಂತು, ಆದರೆ ತಲೆಯೆತ್ತಿ ಬಂತು. ಇಂದು ಆ ಕಾರಿಡಾರಿನ ಹೊಣೆ ಆಕೆಯದೇ.

ಕಳೆದ ವಾರ ಮುಖ್ಯಸ್ಥೆ ಕೊನೆಯ ಬಾರಿಗೆ ರೌಂಡ್ಸ್ ಮುಗಿಸಿ ಬರುವಾಗ ಕುರ್ಚಿಗಳಲ್ಲಿದ್ದ ರೋಗಿಗಳೆಲ್ಲ ಎದ್ದು ನಿಂತರು. “ಬನ್ನಿ ಬನ್ನಿ, ಇನ್ನೊಂದು ಸುತ್ತು!” ಎಂದು ಮೊದಲು ಕೂಗಿದವರು ಚಾಲಕರು. ಹಳೆಯ ವಿದ್ಯಾರ್ಥಿನಿ ಅಭ್ಯಾಸಬಲದಿಂದ ಸ್ಟಾಪ್‌ವಾಚ್ ತೆಗೆದವಳು, ನಗುತ್ತ ಮತ್ತೆ ಜೇಬಿಗಿಳಿಸಿದಳು. ಡಾಕ್ಟರಮ್ಮ ಶಂಕುವಿನ ಬಳಿ ತಿರುಗಿ, ನಿಜಕ್ಕೂ ಇನ್ನೊಂದು ಸುತ್ತು ಬಂದರು.

ನಿವೃತ್ತಿಯ ಮರುದಿನದಿಂದಲೇ ಅವರು ಆಸ್ಪತ್ರೆಯ ಆವರಣದಲ್ಲಿ, ಚೇತರಿಸಿಕೊಳ್ಳುತ್ತಿರುವ ರೋಗಿಗಳನ್ನು ಬೆಳಗಿನ ನಡಿಗೆಗೆ ಕರೆದೊಯ್ಯಲಿದ್ದಾರೆ. ಆ ನಡಿಗೆ ಬಹುಕಾಲ ಸಾಗಲಿ, ಅವರ ಉಸಿರೂ ದನಿಯೂ ಕುಂದದಿರಲಿ. ಇನ್ನು ಅವರು ಮನಸಾರೆ ಕೂಗಬಹುದು. ಯಾವ ಅಂಕಿಯೂ ಕೆಡುವುದಿಲ್ಲ.